ಬಸ್ಸನ್ನು ತಳ್ಳುವವರು ಯಾರು?

ಓಮಲೂರು–ಸೇಲಂ ದಾರಿಯಲ್ಲಿ ನಮ್ಮ ಚಿಕ್ಕಪ್ಪನಷ್ಟು ಸಲ ಬಸ್ಸಿನಿಂದ ಇಳಿಸಿಕೊಂಡವರು ಇನ್ನೊಬ್ಬರಿರಲಾರರು! ಟಿಕೆಟ್ ತೆಗೆಯದ್ದಕ್ಕಲ್ಲ, ಪ್ರಶ್ನೆ ಕೇಳಿದ್ದಕ್ಕೆ.

ತೊಂಬತ್ತರ ದಶಕದ ಮಾತು. ಚಿಕ್ಕಪ್ಪ ಸೇಲಂನ ಸಾಬಕ್ಕಿ ಮಿಲ್ಲೊಂದರಲ್ಲಿ ಫಿಟ್ಟರ್. ನನ್ನ ಹತ್ತನೇ ಕ್ಲಾಸಿನ ವಿಜ್ಞಾನ ಪುಸ್ತಕವನ್ನು ಒಂದು ದಿನ ಸುಮ್ಮನೆ ತಿರುವಿದರು, ಕೆಟ್ಟರು! ಒಂದೇ ವೇಗದಲ್ಲಿ ನೇರವಾಗಿ ಹೋಗುವ ವಸ್ತುವಿನ ಮೇಲೆ ಬಲಗಳೆಲ್ಲ ಸಮ, ಕೂಡಿ ಕಳೆದರೆ ಸೊನ್ನೆ ಎಂದು ಅದರಲ್ಲಿತ್ತು. ಸೊನ್ನೆಯಾದರೆ ಬಸ್ಸು ಹೋಗುವುದು ಹೇಗೆ? ಮರುದಿನವೇ ಡ್ರೈವರನ ಬೆನ್ನ ಹಿಂದೆ ನಿಂತು, ಒಂದೇ ಸ್ಪೀಡಿನಲ್ಲಿ ಹೋಗುವಾಗ ಆಕ್ಸಿಲರೇಟರ್ ಯಾಕೆ ತುಳಿಯುತ್ತೀಯ ಎಂದು ತಮಿಳಿನಲ್ಲಿ ಕೇಳಿದರು.

"ಮೊದಲ್ಲ ನೀ ಎರಂಗುಯ್ಯಾ!" ಎಂದು ಅವನು ಇಳಿಸಿಯೇಬಿಟ್ಟ.

ಹೀಗೆ ಮೂರು ಬಸ್ಸು. ನಾಲ್ಕನೆಯವನು ಪುಣ್ಯಾತ್ಮ, ನಿಜವಾಗಿಯೂ ಕಾಲು ತೆಗೆದ. ಬಸ್ಸು ನಿಧಾನವಾಗುತ್ತ ಆಗುತ್ತ ನಿಂತೇಹೋಯಿತು. ಬಸ್ಸಿನ ತುಂಬ ಜನ ನೋಡಿದ ನೋಟಕ್ಕೆ ಚಿಕ್ಕಪ್ಪ ತಾವಾಗಿಯೇ ಇಳಿದರು!

ಉತ್ತರ ಸಿಕ್ಕಿದ್ದು ಮನೆಯಲ್ಲಿ. ಚಿಕ್ಕಮ್ಮ ರಾಗಿ ಮೂಟೆಯನ್ನು ಪಡಸಾಲೆಯುದ್ದಕ್ಕೂ ಎಳೆಯುತ್ತಿದ್ದರು. ಈ ಮಹಾಶಯರು ಕೈ ಹಾಕಿದರೇ? "ಒಂದೇ ಸಮ ಎಳೀತಿದ್ದೀಯಲ್ಲ, ಏನನ್ನಿಸ್ತೈತೆ?" ಎಂದರು.

"ಏನನ್ನಿಸ್ತೈತೆ! ನಾನ್ ಇತ್ತಾಗೆ ಎಳೀತೀನಿ, ನೆಲ ಅತ್ತಾಗೆ ಇಡ್ಕೊಂತೈತೆ. ಅದು ಇಡ್ಕೊಂಡಷ್ಟು ಎಳೀತಿದ್ರೆ ಇಂಗೇ ಓಯ್ತದೆ, ಬಿಟ್ರೆ ನಿಂತೋಯ್ತದೆ. ನೀವು ದಾರಿ ಬಿಡಿ!"

ಚಿಕ್ಕಪ್ಪ ಕುಣಿದಾಡಿದರು. "ನೋಡವ್ವಾ, ನಿಮ್ಮ ಚಿಕ್ಕಮ್ಮನ್ನ ನಿಮ್ ಸ್ಕೂಲಿಗೆ ಟೀಚರ್ ಮಾಡ್ಬೇಕು!" ಮೂಟೆಯನ್ನು ಮಾತ್ರ ಟೀಚರೇ ಎಳೆದಿಟ್ಟರು.

ಆ ವರ್ಷವೇ ಚಿಕ್ಕಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ಆಪರೇಷನ್ ಆಗಿ ಮೂರು ದಿನವಾದರೂ ನೋವಿಗೆ ಕಣ್ಣು ಮುಚ್ಚಿರಲಿಲ್ಲ. ನಾಲ್ಕನೆಯ ಬೆಳಿಗ್ಗೆ ನಾನು ಆಸ್ಪತ್ರೆಗೆ ಹೋದಾಗ, ಎಕ್ಸ್‌ರೇ ಮುಗಿಸಿ ಗಾಲಿಕುರ್ಚಿಯಲ್ಲಿ ಅವರನ್ನು ಕೂರಿಸಿಕೊಂಡು ಚಿಕ್ಕಪ್ಪ ಉದ್ದನೆಯ ವರಾಂಡದಲ್ಲಿ ಬರುತ್ತಿದ್ದರು. ವಾರ್ಡಿನ ಬಾಗಿಲು ಬಂತು, ನಿಲ್ಲಲಿಲ್ಲ. ಕೊನೆಯವರೆಗೂ ಹೋಗಿ, ಮೆಲ್ಲಗೆ ತಿರುಗಿಸಿ, ಮತ್ತೆ ಬಂದರು. ಇಲ್ಲೂ ಪರೀಕ್ಷೆಯೇ? ನನಗೆ ಸಿಟ್ಟೇ ಬಂತು.

ಹತ್ತಿರ ಬಂದಾಗ ನೋಡಿದೆ. ಚಿಕ್ಕಮ್ಮ ಕತ್ತು ವಾಲಿಸಿ ನಿದ್ದೆ ಹೋಗಿದ್ದರು. ಚಿಕ್ಕಪ್ಪನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

"ಎಷ್ಟೊತ್ತಿಂದ?" ಪಕ್ಕದಲ್ಲೇ ನಡೆಯುತ್ತ ಕೇಳಿದೆ.

"ಒಂದ್ ಗಂಟೆ ಆಯ್ತು."

"ಕೊಡಿ ಚಿಕ್ಕಪ್ಪ, ನಾನ್ ತಳ್ತೀನಿ."

"ಬ್ಯಾಡ ಕಣವ್ವಾ," ಎಂದು ಪಿಸುಗುಟ್ಟಿದರು, "ಕೈ ಬದಲಾದ್ರೆ ಅವ್ಳಿಗೆ ಗೊತ್ತಾಯ್ತದೆ."