ಸತ್ತ ಪಾಚಿಗೆ ಒಂದು ತಂಬಿಗೆ ನೀರು

ಚೇತನನ ಸಂಸಾರ ಕೆಟ್ಟದ್ದು ಪಾಚಿಯಿಂದ. ಹೆಂಡದಿಂದಲ್ಲ, ಇಸ್ಪೀಟಿನಿಂದಲ್ಲ, ಆದವಾನಿಯ ಅವನ ಮನೆಯಂಗಳದ ಬಚ್ಚಲ ಕಲ್ಲಿನ ಮೇಲೆ ನಲ್ಲಿ ಸೋರಿ ಸೋರಿ ಬೆಳೆದ ಪಾಚಿಯಿಂದ! ಯುಗಾದಿಗೆ ಬಂದ ಅತ್ತೆ ವೀರಬಸಮ್ಮ ಅದರ ಮೇಲೆ ಕಾಲಿಟ್ಟು, ಜಾರಿ, ದೊಪ್ಪೆಂದು ಕೂತಿದ್ದರು. "ಈ ಪಾಚಿ ಸಾಯೋತನಕ ನನ್ನ ಮಗಳು ಈ ಹೊಸ್ತಿಲ ತುಳಿಯಂಗಿಲ್ಲ" ಎಂದವರೇ ಮಹಾಲಕ್ಷ್ಮಿಯನ್ನು ತಮ್ಮೂರು ಮದ್ದಿಕೇರಕ್ಕೆ ಕರೆದುಕೊಂಡು ಹೋದರು.

ಚೇತನ ನಲ್ಲಿ ರಿಪೇರಿ ಮಾಡಿಸಿದ. ಉಳಿದದ್ದನ್ನು ಬಿಸಿಲು ನೋಡಿಕೊಂಡಿತು. ಪಾಚಿ ಒಣಗಿ ನಶ್ಯದ ಬಣ್ಣಕ್ಕೆ ಬಂತು. ಇವತ್ತು ಅತ್ತೆ ಖುದ್ದು ನೋಡಲು ಬರುತ್ತಿದ್ದರು.

"ನಮ್ಮ ಎಮ್ಮಿ ತಾಯಿ-ಮಗಳು ನಮ್ಮಿಬ್ಬರಿಗೆ ಬಿಟ್ರ ಯಾರಿಗೂ ಹಾಲು ಕೊಡಂಗಿಲ್ಲ. ಸಂಜಿಗೆ ಒಬ್ಬರಾದ್ರೂ ವಾಪಸ್ ಬರಬೇಕು. ಪಾಚಿ ಸತ್ತಿದ್ರ ನಾನೊಬ್ಬಾಕೀನ ಬರ್ತೀನಿ, ಇಲ್ಲಾಂದ್ರ ಇಬ್ಬರೂ" ಎಂದು ಫೋನಿನಲ್ಲಿ ಹೇಳಿದ್ದರು.

ಬೆಳಿಗ್ಗೆಯೇ ಚೇತನ ತಂತಿ ಬ್ರಷ್ ಹಿಡಿದು ಉಜ್ಜಿದ. ಪಾಚಿ ಬರಲಿಲ್ಲ, ಬೆರಳಿನ ಚರ್ಮ ಬಂತು. ಪಕ್ಕದ ಮನೆಯ ಪಕೀರಮ್ಮ ಗೋಡೆಯ ಮೇಲಿಂದ ಇಣುಕಿದರು. "ಒಲಿ ಬೂದಿ ಉದುರಿಸಪಾ, ಬೇರು ಸಮೇತ ಹೋಗ್ತೈತಿ." ಉದುರಿಸಿದ. ಗಾಳಿ ಬೀಸಿ ಬೂದಿಯೆಲ್ಲ ಅವನ ಕಣ್ಣಿಗೇ ಬಿತ್ತು. ಕಣ್ಣುಜ್ಜುತ್ತಾ ಮತ್ತೆ ಬ್ರಷ್ ಎತ್ತಿದರೆ, "ಸತ್ತಿದ್ದನ್ನ ಇನ್ನೆಷ್ಟು ಸಲ ಕೊಲ್ತೀಯೋ?" ಅಂದರು ಆ ಪುಣ್ಯಾತ್ಗಿತ್ತಿ.

ಅಷ್ಟರಲ್ಲಿ ಆಟೋ ಬಂದು ನಿಂತಿತು. ವೀರಬಸಮ್ಮ ನೇರ ಬಚ್ಚಲಿಗೆ ಹೋಗಿ ಹೆಬ್ಬೆರಳಿನಿಂದ ಕಲ್ಲು ಕೆರೆದರು. ಪುಡಿ ಉದುರಿತು. "ಪರ್ವಾಲೇದು, ಅಡ್ಡಿಯಿಲ್ಲ, ಅಳಿಯಂದ್ರು ಗೆದ್ರು" ಎಂದರು. ಮಹಾಲಕ್ಷ್ಮಿ ಗಂಡನನ್ನು ನೋಡಿ ನಕ್ಕಳು. "ಅಡಗಿ ಮನಿ ಏನ್ ಮಾಡಿಟ್ಟೀರೋ" ಎನ್ನುತ್ತಾ ಚೀಲ ಒಳಗಿಟ್ಟಳು. ಚೇತನನಿಗೆ ಹೋದ ಜೀವ ಬಂದಂತಾಯಿತು.

"ಅಮ್ಮೋ! ಅತ್ತಿ ಬಂದಾರ, ಕಾಲಿಗೆ ನೀರು ಕೊಡೋದು ಬ್ಯಾಡೇನು? ಏನ್ ಹುಡುಗ್ರೋ!" ಪಕೀರಮ್ಮ ತುಂಬಿದ ತಂಬಿಗೆಯೊಂದಿಗೆ ಬಂದೇಬಿಟ್ಟರು. ವೀರಬಸಮ್ಮ ಅಲ್ಲೇ, ಆ ಕಲ್ಲಿನ ಮೇಲೇ ಕಾಲು ತೊಳೆದರು.

ನೀರು ಹರಿಯಿತು. ನಶ್ಯದಂಥ ಪುಡಿ ಮೈಮುರಿಯಿತು. ಸುರುಟಿಕೊಂಡು ಮಲಗಿದ್ದ, ಎಳ್ಳಿಗಿಂತ ಸಣ್ಣ ಎಲೆಗಳು ಎಲ್ಲರ ಕಣ್ಣೆದುರೇ ಒಂದೊಂದಾಗಿ ಬಿಚ್ಚಿಕೊಂಡವು. ಕಂದು ಹೋಗಿ ಹಸಿರಾಯಿತು. ಹಸಿರೆಂದರೆ ಎಂಥ ಹಸಿರು! ನೆಟ್ಟಗೊಂದು ಬೇರಿಲ್ಲ, ಹಿಡಿ ಮಣ್ಣಿಲ್ಲ, ಇಡೀ ಬೇಸಿಗೆ ಒಂದು ಹನಿ ಕುಡಿದಿಲ್ಲ. ಅದು ಸತ್ತಿರಲಿಲ್ಲ, ಕಾಯುತ್ತಿತ್ತು. ತನ್ನ ಗತಿ ಏನೆಂಬುದನ್ನೂ ಮರೆತು ಚೇತನ ಬಾಯಿ ತೆರೆದುಕೊಂಡು ನಿಂತ.

ವೀರಬಸಮ್ಮ ಕುಕ್ಕರುಗಾಲಿನಲ್ಲಿ ಕೂತು, ಕೂಸಿನ ತಲೆ ಸವರಿದಂತೆ ಪಾಚಿಯನ್ನು ಸವರಿದರು. ಕಣ್ಣು ತುಂಬಿತ್ತು. "ಶಿವನೇ! ಇಂಥಾ ಬಿಸಿಲಾಗ ಉಸಿರು ಹಿಡಕಂಡು ಕುಂತಿತ್ತಲ್ಲೋ! ಇಂಥದ್ದು ಸಾಯ್ಲಿ ಅಂದೆನಲ್ಲ, ನನ್ನ ಬಾಯಿಗೆ ಮಣ್ಣು ಹಾಕ! ಇನ್ನ ದಿನಾ ನೀರು ಹಾಕೋರು ಬೇಕು ಇದಕ್ಕ. ನಾನಿಲ್ಲೇ ಇರ್ತೀನಿ."

ಪಾಚಿಯೂ ಉಳಿಯಿತು, ಹೆಂಡತಿಯೂ ಉಳಿದಳು! ಚೇತನ ಹಿಗ್ಗಿ ಹೀರೆಕಾಯಾದ. "ಇರ್ರಿ ಅತ್ತಿ, ಎಷ್ಟ್ ದಿನ ಬೇಕಾದ್ರೂ ಇರ್ರಿ! ಇದು ನಿಮ್ಮನಿ!"

"ಮತ್ತ ಚೀಲ ತಗಳವ್ವ ಮಹಾಲಕ್ಷ್ಮೀ" ಎಂದರು ವೀರಬಸಮ್ಮ, ಪಾಚಿಯಿಂದ ಕಣ್ಣು ಕೀಳದೆ. "ಸಂಜಿ ಬಸ್ಸು ಹೋದೀತು. ಎಮ್ಮಿ ದಾರಿ ನೋಡ್ತಿರ್ತೈತಿ."

ಚೇತನ ಹೆಂಡತಿಯತ್ತ ಓಡಲು ಕಾಲೆತ್ತಿದ.

"ನಿಲ್ರಿ ಅಳಿಯಂದ್ರೆ! ಪಾಚಿ ತುಳಿದೀರಿ!"