ಅಳಿಯನ ಹೆಸರಿಗೆ ಕತ್ತರಿ

ಕುಕ್ಕರಿನ ಸೀಟಿಯನ್ನು ಜಾನಪದ ವಾದ್ಯವೆಂದು ಯಾವ ವಿಶ್ವವಿದ್ಯಾಲಯವೂ ಇನ್ನೂ ಒಪ್ಪಿಲ್ಲ. ಆದರೂ ಹೋದ ಸಲ ಶೆಟ್ಟೆವ್ವನ ಹಾಡಿನ ರೆಕಾರ್ಡಿಂಗಿನಲ್ಲಿ ಅದು ಪಲ್ಲವಿಗೊಮ್ಮೆ, ಚರಣಕ್ಕೊಮ್ಮೆ ತಪ್ಪದೆ ನುಡಿದಿತ್ತು. ಇದನ್ನು ನೆನೆದಾಗಲೆಲ್ಲ ಬೈಲಹೊಂಗಲದ ಮಧು ಮಾಸ್ತರರ ರಕ್ತವೂ ಅದೇ ಕುಕ್ಕರಿನಂತೆ ಕುದಿಯುತ್ತಿತ್ತು.

ಶೆಟ್ಟೆವ್ವ ಮಾಸ್ತರರ ಅತ್ತೆ, ಊರು ಕಟಕೋಳ. ಬೀಗರ ಹಾಡಿನಲ್ಲಿ ಆಕೆಯನ್ನು ಮೀರಿಸುವವರು ರಾಮದುರ್ಗ ತಾಲ್ಲೂಕಿನಲ್ಲೇ ಇರಲಿಲ್ಲ. ಮದುವೆಯ ಪಂಗತಿಯಲ್ಲಿ ಆಕೆ ದನಿ ತೆಗೆದಳೆಂದರೆ ಬೀಗರ ಮೀಸೆ, ಹೊಟ್ಟೆ, ಹೊಟ್ಟೆಬಾಕತನ ಎಲ್ಲವೂ ಎಲೆಗೆ ಬಡಿಸಿದಂತೆ ಸಾಲಾಗಿ ಬೀಳುತ್ತಿದ್ದವು. ಮುನವಳ್ಳಿಯ ದುಂಡಪ್ಪ ತನ್ನ ಬಟ್ಟೆ ಅಂಗಡಿಯ ಅಟ್ಟದ ಮೇಲೆ ಒಂದು ಇಂಟರ್‌ನೆಟ್ ರೇಡಿಯೋ ನಡೆಸುತ್ತಿದ್ದ. ಅಲ್ಲಿ ಹಾಡಿದ್ದು ಆ ಕ್ಷಣಕ್ಕೆ ಜಗತ್ತಿಗೆಲ್ಲ ಕೇಳಿಸುತ್ತಿತ್ತು (ಜಗತ್ತು ಕೇಳುತ್ತಿತ್ತೇ ಎಂಬುದು ಬೇರೆ ಮಾತು), ಆಮೇಲೆ ಹಾರಿಹೋಗುತ್ತಿತ್ತು. ಕೂಡಿಡುವ ಏರ್ಪಾಡು ಇರಲಿಲ್ಲ. ಹಿಡಿದವನೇ ಧಣಿ.

ಹೋದ ಸಲ ಹಿಡಿದವನು ಬಾಳೇಶ. ಸವದತ್ತಿಯ ಸಿಮೆಂಟ್ ವ್ಯಾಪಾರಿ, ಶೆಟ್ಟೆವ್ವನ ಸಣ್ಣ ಅಳಿಯ, ಅಂದರೆ ಮಾಸ್ತರರ ಷಡ್ಡಕ. (ಕಾಮ ಕ್ರೋಧ ಎಂದು ಮನುಷ್ಯನ ಆರು ವೈರಿಗಳನ್ನು ಎಣಿಸಿದ ಹಿರಿಯರಿಗೆ ಷಡ್ಡಕರು ಇರಲಿಲ್ಲವೆಂದು ಕಾಣುತ್ತದೆ. ಇದ್ದಿದ್ದರೆ ಲೆಕ್ಕ ಏಳಾಗುತ್ತಿತ್ತು.) ಆತ ಹಾಡುವ ಫೋನಿನ ಬಾಯಿಗೆ ಇನ್ನೊಂದು ಫೋನಿನ ಕಿವಿ ಹಚ್ಚಿ, ಎರಡನ್ನೂ ಅಡುಗೆ ಕಟ್ಟೆಯ ಮೇಲಿಟ್ಟು ರೆಕಾರ್ಡ್ ಮಾಡಿದ್ದ. ಅದನ್ನು ಕೇಳಿ ನೆಂಟರಿಷ್ಟರೆಲ್ಲ ಭೇಷ್ ಎಂದರು. ಭೂಗೋಳದ ಮಾಸ್ತರರ ಗೋಳನ್ನು ಮಾತ್ರ ಯಾರೂ ಕೇಳಲಿಲ್ಲ.

ಹಾಗಾಗಿ ಶೆಟ್ಟೆವ್ವನಿಗೆ ಮುನವಳ್ಳಿಯಿಂದ ಮತ್ತೆ ಕರೆ ಬಂದಾಗ ಮಾಸ್ತರರು ನಡುಮನೆಯಲ್ಲಿ ನಿಂತು ಘೋಷಿಸಿದರು.

"ಈ ಸಲ ನಾ ಹಿಡಿತೇನಿ. ಹಾಡಿಗೆ ಹೊರಗಿನ ಗಾಳಿ ಸೋಂಕಬಾರದು. ರೇಡಿಯೋದ ದನಿ ಕಂಪ್ಯೂಟರಿನ ಒಳಗಿಂದೊಳಗ ನೆಟ್ಟಗ ಸಂಗೀತದ ಸಾಫ್ಟ್‌ವೇರಿಗೆ ಹೋಗತೈತಿ. ನಡುವ ಒಂದು ಕಾಣದ ವೈರ್ ಇರತೈತಿ."

"ಕಾಣದ ವೈರಿಗೆ ರೊಕ್ಕ ಎಷ್ಟ ಸುರದ್ರಿ?" ಎಂದಳು ಹೆಂಡತಿ ಮಹಾನಂದಾ.

"ಅದು ಪುಕ್ಕಟೆ."

"ಕಾಣಂಗಿಲ್ಲ, ಪುಕ್ಕಟೆ ಬೇರೆ. ಹಂಗಾರ ಅದು ಐತಿ ಅನ್ನೂದು ಖಾತ್ರಿ ಏನ?"

ಖಾತ್ರಿ ಆಗುವುದಕ್ಕೆ ಸಮಯ ಹಿಡಿಯಿತು. ಮೊದಲ ಪ್ರಯೋಗದಲ್ಲಿ ಸಾಫ್ಟ್‌ವೇರ್ ಅಚ್ಚುಕಟ್ಟಾಗಿ ಮೌನವನ್ನು ರೆಕಾರ್ಡ್ ಮಾಡಿತು. ಮುಂದಿನದರಲ್ಲಿ ತಾಳ ತಪ್ಪದಿರಲೆಂದು ಅದು ತಾನೇ ಹಾಕುವ ಟಕ್ ಟಕ್ ಸದ್ದು ಮಾತ್ರ ಬಂತು. "ಯಾರೋ ಬಾಗಲಾ ಬಡಿಯಾಕತ್ತಾರ, ನೋಡ್ರಿ" ಎಂದು ಮಹಾನಂದಾ ಅಡುಗೆಮನೆಯಿಂದ ಕೂಗಿದಳು. ಕಡೆಗೊಮ್ಮೆ ದುಂಡಪ್ಪನ ಸೀರೆ ಜಾಹೀರಾತು ಸಾಫ್ಟ್‌ವೇರಿನೊಳಗೆ ಹಸಿರು ಗುಡ್ಡಗಳ ಸಾಲಾಗಿ ಮೂಡಿದಾಗ ಭೂಗೋಳದ ಮನುಷ್ಯನ ಕಣ್ಣು ತುಂಬಿದವು.

ಹಾಡಿನ ದಿನ ಮಧ್ಯಾಹ್ನ ಮಾಸ್ತರರು ಮನೆಯ ಫೋನುಗಳನ್ನೆಲ್ಲ ಬಂದ್ ಮಾಡಿ ಜೋಳದ ಡಬ್ಬಿಯಲ್ಲಿ ಹಾಕಿದರು.

"ನಮ್ಮವ್ವ ಹಾಡಾಕತ್ತಿರತಾಳ, ನಾ ನಿಮ್ಮ ಮಾರಿ ನೋಡಕೋತ ಕುಂದರಬೇಕೇನ?" ಎಂದು ಮಹಾನಂದಾ ಕೆಂಡವಾದಳು.

"ಎಲ್ಲಾರೂ ಒಂದ ನಳಕ್ಕ ಕೊಡಾ ಹಿಡದ್ರ ಧಾರಿ ಸಣ್ಣ ಆಗತೈತಿ. ಇಂಟರ್‌ನೆಟ್‌ದ್ದೂ ಹಂಗ. ಸಂಜಿಗೆ ನಿನ್ನ ತಂಗಿ-ಮೈದುನ ಬರ್ತಾರಲ್ಲ, ಎಲ್ಲಾರ ಮುಂದ ಹಚ್ಚತೇನಿ. ಆಗ ಕೇಳು."

"ಸ್ಪೀಕರ್ ಅರ ಹಚ್ಚರಿ."

"ದನಿ ತಿರುಗಿ ಒಳಗ ಹೊಕ್ಕು ಸುಳಿ ಬೀಳತೈತಿ," ಎಂದು ಮಾಸ್ತರರು ಮಲಪ್ರಭೆಯನ್ನು ಅಣೆಕಟ್ಟಿನಲ್ಲಿ ತಾವೇ ತಡೆದು ನಿಲ್ಲಿಸಿದವರಂತೆ ಹೇಳಿ, ಹೆಡ್‌ಫೋನ್ ಏರಿಸಿ, ಕೆಂಪು ಗುಂಡಿ ಒತ್ತಿದರು.

ಪರದೆಯ ಮೂಲೆಯಲ್ಲಿ 'ಕೇಳುಗರು: ಇಬ್ಬರು' ಎಂದಿತ್ತು. ಒಬ್ಬರು ತಾವು. ಇನ್ನೊಬ್ಬ ಕೆಳಗೆ ಅಂಗಡಿಯಲ್ಲಿ ಗಲ್ಲೆಯ ಮೇಲೆ ಕೂತೇ ರೇಡಿಯೋ ಪರೀಕ್ಷಿಸುವ ದುಂಡಪ್ಪ. ಅಟ್ಟದ ಮೇಲಿಂದ ಶೆಟ್ಟೆವ್ವ ಗಂಟಲು ಸರಿಮಾಡಿಕೊಂಡಳು. "ಸಣ್ಣ ಅಳ್ಯಾ ಬಾಳೇಶ ಕಾರ್ ಕಳಿಸಿದ್ದ, ಆರಾಮ ಬಂದೆ," ಎಂದು ಮುನ್ನುಡಿ ಹೇಳಿದಳು. ಮಾಸ್ತರರು ಹಲ್ಲು ಕಡಿದರು. ಆಮೇಲೆ ಹಾಡು ಬಂತು.

ಹೋಳಿಗಿ ಬುಟ್ಟಿ ಬರಿದು ಮಾಡಿ
ತುಪ್ಪ ಎಲ್ಲೆಂದ ಮಧುರಾಯ
ಮಾಳಗಿ ನಡುಗೂಹಂಗ ಗೊರಕಿ ಹೊಡೆದು
ನಿದ್ದಿ ಇಲ್ಲೆಂದ ಮಧುರಾಯ

ಮಾಸ್ತರರು ಹೆಡ್‌ಫೋನ್ ಒತ್ತಿ ಹಿಡಿದರು. ತಪ್ಪು ಕೇಳಿರಬಹುದು. ದನಿ ಮಾತ್ರ ಅದ್ಭುತವಾಗಿ ಸ್ಪಷ್ಟವಾಗಿತ್ತು. ಕುಕ್ಕರಿಲ್ಲ, ಗಾಳಿಯಿಲ್ಲ, ಅನುಮಾನಕ್ಕೆ ಆಸ್ಪದವೇ ಇಲ್ಲ.

ಊರ ಮುಂದ ಹುಲಿಯಂಗ ಹೊಂಟಾನ
ಮೀಸಿ ತಿರುವುತ ಮಧುರಾಯ
ಒಳಗ ಹೆಂಡತಿ ಕೆಮ್ಮಿದಳಂದರ
ಎದ್ದು ನಿಂತಾನ ಮಧುರಾಯ

ಸರಿಯಾಗಿ ಆ ಹೊತ್ತಿಗೆ ಒಗ್ಗರಣೆಯ ಘಾಟಿಗೆ ಮಹಾನಂದಾ ಕೆಮ್ಮಿದಳು. ಮಾಸ್ತರರು ಎದ್ದು ನಿಂತರು. ಹೆಡ್‌ಫೋನಿನ ಹುರಿ ಎಳೆದು ಲ್ಯಾಪ್‌ಟಾಪ್ ಮೇಜಿನ ಅಂಚಿಗೆ ಜಾರಿತು. ಎರಡೂ ಕೈಯಲ್ಲಿ ತಬ್ಬಿ ಹಿಡಿದರು.

"ಏನ ಹಾಡಾಕತ್ತಾಳ ನಮ್ಮವ್ವ?"

"ಶಿವನ ಪದ."

"ಮತ್ತ ನೀವ್ಯಾಕ ಹಂಗ ಬೆವರಾಕತ್ತೀರಿ?"

"ಭಕ್ತಿ," ಎಂದರು ಮಾಸ್ತರರು.

ಹಾಡು ಮುಗಿದ ಮೇಲೆ ಅವರು ಕೋಣೆಯ ಬಾಗಿಲು ಹಾಕಿಕೊಂಡು ಯೋಚಿಸಿದರು. ಕಾಲೇಜಿನಲ್ಲಿ ಅವರು ಕಣ್ಣೆತ್ತಿದರೆ ಹಿಂದಿನ ಬೆಂಚೂ ಗಪ್ಪಾಗುತ್ತಿತ್ತು. ಈ ಹಾಡು ಆ ಬೆಂಚಿಗೆ ಮುಟ್ಟಿತೋ, ನಾಳೆಯಿಂದ ಪಾಠದ ನಡುವೆ ತರಗತಿಗೆ ತರಗತಿಯೇ ಕೆಮ್ಮುತ್ತದೆ. ಅಳಿಸಿಬಿಡೋಣವೆಂದರೆ ಸಂಜೆ ಬಾಳೇಶ ಬರುತ್ತಾನೆ. "ಒಳಗಿಂದೊಳಗ ಎಲ್ಲಿ ಹೋತ್ರಿ ಹಾಡು?" ಎಂದು ನಗುತ್ತಾನೆ. ಆ ನಗೆಗೆ ಅವಕಾಶ ಕೊಡುವ ಬದಲು ಪ್ರಾಣ ಕೊಡುವುದು ಲೇಸೆನಿಸಿತು.

ಆಗ ಅವರಿಗೆ ಜ್ಞಾನೋದಯವಾಯಿತು. ಸಂಗೀತದ ಸಾಫ್ಟ್‌ವೇರ್ ಇರುವುದೇ ಕತ್ತರಿಸಿ ಅಂಟಿಸಲು! ಮುನ್ನುಡಿಯಲ್ಲಿ ಅತ್ತೆ ತನ್ನ ಬಾಯಿಂದಲೇ 'ಬಾಳೇಶ' ಎಂದಿದ್ದಾಳೆ. ಆ ಹೆಸರನ್ನು ಕತ್ತರಿಸಿ, 'ಮಧು' ಇದ್ದಲ್ಲೆಲ್ಲ ಕೂರಿಸಿದರಾಯಿತು. ಮುನ್ನುಡಿಯನ್ನು ಎಸೆದರಾಯಿತು. ಮಾತಿನ ಹೆಸರು ಹಾಡಿನ ಶ್ರುತಿಗೆ ತಗ್ಗಾಗಿ ಬಂದುದರಿಂದ ಸ್ವಲ್ಪ ಏರಿಸಬೇಕಾಯಿತು. ಹೀಗೆ ಮಾಸ್ತರರು ಜೀವಮಾನದಲ್ಲೇ ಮೊದಲ ಬಾರಿ ಷಡ್ಡಕನನ್ನು ಎತ್ತಿ ಹಿಡಿದರು, ಎರಡು ಸ್ವರದಷ್ಟು.

ಸಂಜೆ ಬಾಳೇಶ ಹೆಂಡತಿ ಶೀತಲ್‌ಳೊಂದಿಗೆ ಬಂದ. ಚಹಾ ಆಯಿತು. ಮಾಸ್ತರರು ಸ್ಪೀಕರ್ ಹಚ್ಚಿ, ಷಡ್ಡಕನ ಮುಖ ಬಾಡುವುದನ್ನು ನೋಡಲು ಎದುರಿಗೇ ಕುರ್ಚಿ ಹಾಕಿಕೊಂಡು ಕೂತರು. ಹೋಳಿಗೆ ತಿಂದ ಬಾಳೇಶರಾಯ, ಗೊರಕೆ ಹೊಡೆದ ಬಾಳೇಶರಾಯ, ಎದ್ದು ನಿಂತ ಬಾಳೇಶರಾಯ!

ಯಾರೂ ನಗಲಿಲ್ಲ. ಬಾಳೇಶ ಕರ್ಚೀಫು ತೆಗೆದು ಕಣ್ಣೊರೆಸಿಕೊಂಡ.

"ಅತ್ತಿ ನನ್ನ ಹೆಸರ ಹಿಡಿದು ಹಾಡ್ಯಾಳ! ಮಧು ಅಣ್ಣಾ, ಇಷ್ಟ ವರ್ಷ ಒಂದ ಹಾಡಿನ್ಯಾಗೂ ನನ್ನ ಹೆಸರ ಬಂದಿದ್ದಿಲ್ಲ. ಮಂದ್ಯಾಗ ತಲಿ ಎತ್ತಾಕ ಆಗತಿರಲಿಲ್ಲ. ಇವತ್ತ ನಾ ಖರೇ ಅಳಿಯ ಆದೆ ನೋಡ್ರಿ!"

ಬೀಗರ ಹಾಡಿನಲ್ಲಿ ಬೈಸಿಕೊಂಡವನಿಗೆ ಅವಮಾನವಿಲ್ಲ, ಹೆಸರೇ ಬರದವನಿಗೆ ಅವಮಾನ. ಪಂಗತಿಯಲ್ಲಿ ತಮ್ಮ ಹೆಸರು ಬರಲಿಲ್ಲವೆಂದು ಎಲೆ ಬಿಟ್ಟು ಎದ್ದ ಬೀಗರನ್ನು ಮಾಸ್ತರರು ಕಣ್ಣಾರೆ ಕಂಡಿದ್ದರು. ಕಾಲೇಜಿನ ಹಿಂದಿನ ಬೆಂಚಿನ ಭಯದಲ್ಲಿ ಅದೊಂದು ನೆನಪಾಗಿರಲಿಲ್ಲ. ಮಹಾನಂದಾ ದಡಕ್ಕನೆ ಎದ್ದು ಒಳಗೆ ಹೋದಳು. ಒಳಗಿಂದ ಪಾತ್ರೆಗಳು ಮಾತಾಡತೊಡಗಿದವು.

ಬಾಳೇಶ, ಶೀತಲ್ ಹೊರಟುಹೋದ ಮೇಲೆ ಬಿರುಗಾಳಿ ಹೊರಬಂತು.

"ಹಿರೇ ಅಳಿಯ ಗುಂಡಕಲ್ಲಿನಂಗ ಕುಂತಾಗ ಸಣ್ಣಾವನ ಹೆಸರ ಹಾಡ್ಯಾಳ ನಮ್ಮವ್ವ! ನಿಮ್ಮನ್ನ ಲೆಕ್ಕಕ್ಕ ಹಿಡಿದಿಲ್ಲ!"

"ಹೋಗಲಿ ಬಿಡು, ಚ್ಯಾಷ್ಟಿ ಹಾಡು..."

"ಚ್ಯಾಷ್ಟಿನೂ ಮಾಡಲಿಲ್ಲಲ್ಲರಿ ನಿಮ್ಮ ಮ್ಯಾಲೆ! ಅಷ್ಟೂ ಲಾಯಕ್ ಇಲ್ಲೇನ ನನ್ನ ಗಂಡ?" ಎಂದವಳೇ ಕಟಕೋಳಕ್ಕೆ ಫೋನ್ ಹಚ್ಚಿ, "ಅವ್ವಾ, ಇನ್ನ ನಿನ್ನ ಹೊಸ್ತಲಾ ತುಳಿಯಂಗಿಲ್ಲ," ಎಂದು, ಆಕೆ ಬಾಯಿ ತೆರೆಯುವ ಮೊದಲೇ ಕಟ್ ಮಾಡಿದಳು. ಕಾಣದ ವೈರು ಕಾಣುವ ವೈರಿಗಳನ್ನು ಹುಟ್ಟಿಸಿತ್ತು. ಮಾಸ್ತರರು ನಿಜ ಹೇಳಲು ಬಾಯಿ ತೆರೆದರು, ಹೆಂಡತಿಯ ಕೈಯಲ್ಲಿದ್ದ ಲಟ್ಟಣಿಗೆ ನೋಡಿ ಆಕಳಿಸಿದಂತೆ ಮಾಡಿ ಮುಚ್ಚಿದರು.

ಬಾಳೇಶ ಸುಮ್ಮನಿರುವ ಕುಳವೇ? ಹೊರಡುವ ಮೊದಲೇ ತನ್ನ ಫೋನಿಗೆ ಹಾಕಿಸಿಕೊಂಡಿದ್ದ ಹಾಡನ್ನು ಸವದತ್ತಿಯಿಂದ ಕಿತ್ತೂರಿನವರೆಗೆ ಫೋನಿದ್ದವರಿಗೆಲ್ಲ ಕಳಿಸಿದ. ಓಣಿಗೆಲ್ಲ ಪೇಢೆ ಹಂಚಿದ. ಹುಟ್ಟಾ ಮೀಸೆ ಬೋಳಿಸಿಕೊಂಡೇ ಬಂದವನು ಹಾಡಿಗೆ ತಕ್ಕಂತಿರಲೆಂದು ಮೀಸೆ ಬಿಡತೊಡಗಿದ. ಕಾಲೇಜಿನಲ್ಲಿ ಹಿಂದಿನ ಬೆಂಚಿನವನೊಬ್ಬ ಎದ್ದು ನಿಂತು, "ಸರ್, ಬಾಳೇಶರಾಯರು ನಿಮ್ಮ ಸಂಬಂಧಿಕರಂತ? ಲಕ್ಕಿ ಬಿಡ್ರಿ ಅವರು," ಎಂದ. ಪ್ರಾಂಶುಪಾಲ ನಿಜಗುಣಪ್ಪನವರಂತೂ ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಭುಜದ ಮೇಲೆ ಕೈಯಿಟ್ಟು, "ಮಾಸ್ತರ, ನಿಮ್ಮತ್ತಿ ಜೋಡಿ ಏನರ ತಕರಾರ ಐತೇನ್ರಿ?" ಎಂದು ಸಾಂತ್ವನ ಹೇಳಿದರು. ಕನಿಕರದ ಕೈ ಇಷ್ಟು ಭಾರವಿರುತ್ತದೆಂದು ಮಾಸ್ತರರಿಗೆ ಗೊತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಶೆಟ್ಟೆವ್ವ ಬಸ್ಸಿಳಿದು ಬಂದಳು. ಚಪ್ಪಲಿ ಬಿಡುವ ಮೊದಲೇ ಕೇಳಿದಳು.

"ಅಳ್ಯಾರ, ನಾ ಯಾರ ಹೆಸರ ಹಾಡೇನಿ? ನನಗ ವಯಸ್ಸಾಗೈತಿ, ಅರವು ಮರವು ಅಂತ ಮಂದಿ ಅನ್ನಾಕತ್ತಾರ. ನೀವ ಹೇಳ್ರಿ."

ಮಹಾನಂದಾ ಬಾಗಿಲಿಗೆ ಅಡ್ಡ ನಿಂತಿದ್ದಳು. ತಾಯಿ ಒಳಗೆ ಬರುವಂತಿಲ್ಲ, ಮಗಳು ಸರಿಯುವಂತಿಲ್ಲ. ನಡುವೆ ಮಾಸ್ತರರು. ಅವರು ಸಪ್ಪೆ ಮುಖದಿಂದ ಲ್ಯಾಪ್‌ಟಾಪ್ ತೆರೆದು, ಬಾಯಿ ಕಟ್ಟಿ ಮಲಗಿಸಿಟ್ಟಿದ್ದ ಮೂಲ ಹಾಡಿನ ಬಾಯಿ ಬಿಚ್ಚಿದರು. ಹೋಳಿಗೆ ತಿಂದ ಮಧುರಾಯ. ಗೊರಕೆ ಹೊಡೆದ ಮಧುರಾಯ. ಎದ್ದು ನಿಂತ ಮಧುರಾಯ ಬರುವ ಹೊತ್ತಿಗೆ ಮಹಾನಂದಾ ಬಾಗಿಲ ಚೌಕಟ್ಟು ಹಿಡಿದುಕೊಂಡು ನಗುತ್ತಿದ್ದಳು. ತಾಯಿಯ ಕೈಚೀಲ ಇಸಿದುಕೊಂಡು, "ಬಾರವ್ವಾ ಒಳಗ. ಈ ಮನಶ್ಯಾ ತನ್ನ ಹೆಸರ ತಾನ ಕೊಯ್ಕೊಂಡಾನ!" ಎಂದಳು.

ಇಷ್ಟು ಹಗುರಾದ ಮೇಲೆ ಮಾಸ್ತರರಲ್ಲಿ ಹಳೆಯ ಹುಲಿ ಎದ್ದಿತು. "ಯಾರಿಗೂ ಅಂಜಂಗಿಲ್ಲ ನಾನು! ಇದನ್ನ ಈಗಿಂದೀಗ ಎಲ್ಲಾರಿಗೂ ಕಳಸತೇನಿ. ಖರೇ ಅಳಿಯ ಯಾರು ಅನ್ನೂದು ಊರಿಗೆ ಗೊತ್ತಾಗಲಿ!"

"ಕೈ ತಗೀರಿ!" ಎಂದಳು ಶೆಟ್ಟೆವ್ವ. "ಬಾಳೇಶ ಪೇಢೆ ಹಂಚ್ಯಾನ. ಮೀಸಿ ಬೇರೆ ಬಿಟ್ಟಾನ. ಈಗ ಹೆಸರ ಕಸಗೊಂಡ್ರ ಆ ಮೀಸಿ ಹೊತ್ಕೊಂಡು ಎಲ್ಲಿಗೆ ಹೋಗಬೇಕು ಅಂವಾ?"

"ನೀವ ಕೊಟ್ಟ ಹೆಸರು, ನೀವ ಹೆಂಗ ಕಸಗೊತೀರಿ?" ಎಂದು ಮಗಳೂ ತಾಯಿಯ ಕಡೆ ಸೇರಿದಳು. ತೀರ್ಪು ಆಗಿಹೋಯಿತು. ಖೋಟಾ ಹಾಡೇ ಖರೆ, ಖರೆ ಹಾಡು ಲ್ಯಾಪ್‌ಟಾಪಿನೊಳಗೆ ಬಂದಿ.

ಮಾಸ್ತರರು ಕುರ್ಚಿ ಬಿಟ್ಟು ಅತ್ತೆಯ ಎದುರು ಚಾಪೆಯ ಮೇಲೆ ಕೂತರು. "ಹಂಗಾರ ನನ್ನ ಮ್ಯಾಲೆ ಹೊಸಾದು ಒಂದು ಹಾಡ್ರಿ, ಅತ್ತಿ."

"ಹೊಸಾ ಹಾಡು ಕಟ್ಟಾಕ ಹೊಸಾ ಮಾಲು ಬೇಕ್ರಿ, ಅಳ್ಯಾರ. ಏನರ ಐತೇನ ಮಹಾನಂದಾ?"

"ಏನರ ಅಂತಾಳ ನೋಡು!" ಎಂದು ಮಹಾನಂದಾ ಸೆರಗು ಸಿಕ್ಕಿಸಿಕೊಂಡು ಕೂತಳು. ಮದುವೆಯ ದಿನ ಬಾಸಿಂಗ ತಲೆಕೆಳಗಾಗಿ ಕಟ್ಟಿಕೊಂಡದ್ದರಿಂದ ಹಿಡಿದು, ದೊಡವಾಡದ ಬಸ್ಸಿನಲ್ಲಿ ಬೇರೆಯವರ ಹೆಂಡತಿಯನ್ನು "ಏಳ, ಊರ ಬಂತು" ಎಂದು ಎಬ್ಬಿಸಿದ್ದು, ಭೂಗೋಳ ಓದಿಯೂ ಕಿತ್ತೂರಿಗೆಂದು ಹೊರಟು ಸವದತ್ತಿ ಮುಟ್ಟಿದ್ದು, ಮೊನ್ನೆ ಹೆಸರು ಕೊಯ್ದದ್ದು, ಎಲ್ಲವೂ ಹೊರಬಂದವು. ಅತ್ತೆ ಒಂದೊಂದನ್ನೂ ನಾಲಿಗೆಯ ಮೇಲಿಟ್ಟು ರುಚಿ ನೋಡಿ ಸಾಲು ಕಟ್ಟಿದಳು. ಮಾಸ್ತರರು ಲ್ಯಾಪ್‌ಟಾಪಿಗೆ ಮೈಕು ಸಿಕ್ಕಿಸಿ, ಕೆಂಪು ಗುಂಡಿ ಒತ್ತಿದರು. ತಾಯಿ ಹಾಡಿದಳು, ಮಗಳು ಸೊಲ್ಲು ಹಿಡಿದಳು. ಅಕ್ಕಪಕ್ಕದ ಮನೆಯವರು ಕಿಟಕಿಗೆ ಜೋತುಬಿದ್ದು ನಕ್ಕರು.

ನಡುವೆ ಮಾಸ್ತರರು ಕೈ ಎತ್ತಿ ನಿಲ್ಲಿಸಿದರು. ಮುಖ ಗಂಭೀರವಾಗಿತ್ತು. ಇನ್ನು ತಡೆಯಲಾರರು ಪಾಪ ಎಂದುಕೊಂಡರು ಎಲ್ಲರೂ.

"ಅತ್ತಿ, ಮಾತೆಲ್ಲ ಬರೋಬ್ಬರಿ ಅದಾವರಿ. ಆದರ ನಗೂ ಗದ್ದಲದಾಗ ಹೆಸರ ಸರಿ ಕೇಳವಲ್ಲದು. ಅದೊಂದು ಜೋರಾಗಿ ಹೇಳ್ರಿ. ಹೆಸರಿನ ಹಿಂದ ನನ್ನ ಅಡ್ಡಹೆಸರು, ಊರು, ಕಾಲೇಜು ಇಷ್ಟೂ ಸೇರಸ್ರಿ. ಮಂದಿ ಬ್ಯಾರೆ ಯಾವನೋ ಮಧು ಅಂತ ತಿಳಕೋಬಾರದು."