ಕೆಲಸದ ದಿನವೇ ಕೈಕೊಡುವ ನೆಟ್‌ವರ್ಕ್ ಕಾರ್ಡಿಗೆ

ಟಿ. ದಾಸರಹಳ್ಳಿಯ ನಮ್ಮ ಮನೆಯ ಕಂಪ್ಯೂಟರಿನ ಹೊಟ್ಟೆಯೊಳಗೆ ವಿರಾಜಮಾನರಾಗಿರುವ ನೆಟ್‌ವರ್ಕ್ ಕಾರ್ಡ್‌ರವರ ಸನ್ನಿಧಾನಕ್ಕೆ, ಪೀಣ್ಯದ ಹಳೇ ಕಾರ್ಮಿಕ ಕೊಟ್ರಪ್ಪನ ಕ್ರಾಂತಿಕಾರಿ ವಂದನೆಗಳು.

ಮಾನ್ಯರೇ,

ಕೇಬಲ್ಲು ಭದ್ರವಾಗಿ ಕೂತಿದ್ದರೂ, ಪಕ್ಕದ ಕೋಣೆಯ ರೂಟರ್ ತನ್ನ ಪಾಡಿಗೆ ದುಡಿಯುತ್ತಿದ್ದರೂ, ತಾವು ಹಸಿರು ದೀಪ ಮಿನುಗಿಸುತ್ತಲೇ ಪರದೆಯ ಮೇಲೆ ‘ಸಂಪರ್ಕವಿಲ್ಲ’ ಎಂದು ಬರೆಸುವ ಪರಿಗೆ ತಲೆಬಾಗಿದ್ದೇನೆ. ದೀಪ ಉರಿಸಿಕೊಂಡು ಕೆಲಸ ಮಾಡದಿರುವ ಈ ಕಲೆ ಮ್ಯಾನೇಜರುಗಳಿಗೆ ಮಾತ್ರ ಗೊತ್ತೆಂದು ತಿಳಿದಿದ್ದೆ.

ನನ್ನ ಹೆಂಡತಿ ಶರಣಮ್ಮನನ್ನು, ನೀರು ಕುಡಿಯಲು ಎದ್ದುಹೋದ ಹೆಂಗಸರ ಪರ ಮಾತಾಡಿದಳೆಂದು ಗಾರ್ಮೆಂಟ್ಸ್ ಕಂಪನಿಯವರು ಸಸ್ಪೆಂಡ್ ಮಾಡಿ, ವಿಚಾರಣೆಯನ್ನು ವಿಡಿಯೊದಲ್ಲಿ ಇಟ್ಟಿರುವುದು ತಮಗೆ ತಿಳಿದದ್ದೇ. ಹೋದ ಸಲ ತಾವು ಕೈಕೊಟ್ಟಿರಿ, ಅವರು ಗೈರುಹಾಜರಿ ಎಂದು ಬರೆದುಕೊಂಡರು. ಇನ್ನೊಮ್ಮೆ ಕಾಣದಿದ್ದರೆ ಅವಳ ಕೆಲಸ ಹೋದಂತೆಯೇ.

ಈ ಸಲ ಬೆಳಿಗ್ಗೆಯೇ ತಮ್ಮನ್ನು ಆಫ್ ಮಾಡಿ ಆನ್ ಮಾಡಿದೆ, ತಮ್ಮನ್ನು ನಡೆಸುವ ಡ್ರೈವರ್ ತಂತ್ರಾಂಶವನ್ನು ಕಿತ್ತು ಮತ್ತೆ ಹಾಕಿದೆ. ಕೊನೆಗೆ ಪರದೆ, ‘ನಿಮ್ಮ ನೆಟ್‌ವರ್ಕ್ ಅಡ್ಮಿನಿಸ್ಟ್ರೇಟರನ್ನು ಸಂಪರ್ಕಿಸಿ’ ಎಂದು ಅಪ್ಪಣೆ ಕೊಡಿಸಿತು. ನಮ್ಮ ಮನೆಗೆ ಅಂಥವನನ್ನು ನೇಮಿಸಿದವರು ಯಾರು? ಮೇಲಿಂದ ಇಳಿದುಬರುವ ನೇಮಕಗಳನ್ನು ಜೀವಮಾನವಿಡೀ ವಿರೋಧಿಸಿದ ನಾನು ಕೂಡಲೇ ಸರ್ವಸದಸ್ಯರ ಸಭೆ ಕರೆದೆ. ಮಗಳು ಮೇಘಾ ನನ್ನ ಹೆಸರು ಸೂಚಿಸಿದಳು, ಅನುಮೋದಿಸುವವರಿಲ್ಲದೆ ನಾನೇ ಅನುಮೋದಿಸಿಕೊಂಡು ಅವಿರೋಧವಾಗಿ ಆಯ್ಕೆಯಾದೆ. ಭಾಷಣಕ್ಕೆ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಶರಣಮ್ಮ, “ಭಾಷಣ ಆಮ್ಯಾಲ ಮಾಡ್ರಿ. ನನಗ ನನ್ನ ಕೆಲಸ ಬೇಕು,” ಎಂದವಳೇ ಮಹಡಿಯ ದುರ್ಗವ್ವನ ಮನೆಗೆ ಹೋಗಿ, ವಿಡಿಯೊ ಬರುವ ಫೋನು ನಮ್ಮಲ್ಲಿಲ್ಲವಾದ್ದರಿಂದ, ಅವರ ಫೋನಿನಲ್ಲೇ ಹಾಜರಾದಳು.

ಅಲ್ಲಿ ನೋಡಿದರೆ ಕಂಪನಿಯ ಮ್ಯಾನೇಜರೇ ನಾಪತ್ತೆ. ನೆಟ್‌ವರ್ಕ್ ತೊಂದರೆಯಂತೆ. ವಿಚಾರಣಾಧಿಕಾರಿ ಅಯ್ಯೋ ಪಾಪ ಎಂದು ಮುಂದಿನ ದಿನಾಂಕ ಕೊಡಹೊರಟರು. ಶರಣಮ್ಮ ಬಿಡಲಿಲ್ಲ.

“ಸಾರ್, ಹೋದ ಸಲ ನನಗೂ ಇದ ತೊಂದ್ರಿ ಆಗಿತ್ತು. ಅವರಿಗೂ ಗೈರು ಅಂತ ಬರೀರಿ, ಇಲ್ಲಾಂದ್ರ ನಂದು ಅಳಸ್ರಿ.”

ಅಧಿಕಾರಿ ಕೆಮ್ಮಿ ಕೆಮ್ಮಿ ಕೊನೆಗೆ ಅಳಿಸಿದರು.

ಆದ್ದರಿಂದ ಮಾನ್ಯರೇ, ಮುಷ್ಕರ ತಮ್ಮ ಹಕ್ಕು, ನಾನದನ್ನು ಪ್ರಶ್ನಿಸಲಾರೆ. ಆದರೆ ಕಂಪನಿಯ ಹಾಜರಿ ಯಂತ್ರವನ್ನೂ, ಹೊಲಿಗೆ ಸಾಲಿನ ನೆತ್ತಿಯ ಮೇಲಿನ ಕ್ಯಾಮೆರಾವನ್ನೂ ಸಂಘಟಿಸಿ ಮುಷ್ಕರ ಮಾಡಿ, ಬ್ಯಾನರ್ ನಾನೇ ಬರೆದುಕೊಡುತ್ತೇನೆ. ದುಡಿಯುವವರ ಮನೆಯಲ್ಲಿ ಮಾತ್ರ ಕೆಲಸ ನಿಲ್ಲಿಸುವುದಕ್ಕೆ ನಮ್ಮ ಸಂಘದಲ್ಲಿ ಮುಷ್ಕರ ಎನ್ನುವುದಿಲ್ಲ, ಮಾಲೀಕನ ಚೇಲಾಗಿರಿ ಎನ್ನುತ್ತೇವೆ.

ಇಷ್ಟಾದ ಮೇಲೂ ತಮ್ಮ ವಿಶ್ವಾಸಿ,
ಕೊಟ್ರಪ್ಪ
ಚುನಾಯಿತ ಅಡ್ಮಿನಿಸ್ಟ್ರೇಟರ್

ತಾ.ಕ.: ಮುಂದಿನ ವಿಚಾರಣೆಗೆ ಶರಣಮ್ಮ ಕಂಪನಿಯ ಗೇಟಿಗೇ ಹೋಗುತ್ತಾಳೆ, ಅವಳ ಸಾಲಿನ ಹೆಂಗಸರೆಲ್ಲ ಜೊತೆಗೆ ಬರುತ್ತಾರಂತೆ. ಅಷ್ಟು ಜನ ಎದುರಿಗೇ ನಿಂತಾಗ ಮ್ಯಾನೇಜರಿಗೆ ಯಾವ ನೆಟ್‌ವರ್ಕ್ ತೊಂದರೆ ಬರುತ್ತದೋ ನೋಡೋಣ.